ಜೇಬೆಜ್ ಟಿಲ್ಟನ್ ಎತ್ತಿದ ಹಾಡು

ನನ್ನಕ್ಕ ತೀರಿಹೋಗಿದ್ದಳು; ಅವಳ ಗಂಡ ಜೇಬೆಜ್ ಟಿಲ್ಟನ್ ಪೀಪಾಯಿ ಕಟ್ಟುವವನು. ಮಾತು ಕಮ್ಮಿ, ಗಂಟಲು ಮಾತ್ರ ಬಾವಿಯಷ್ಟು ಆಳ. ನಮ್ಮ ಬಂದರಿನ ಪ್ರಾರ್ಥನಾ ಮಂದಿರದಲ್ಲಿ ವಾದ್ಯ ಅನ್ನೋದೇ ಇಲ್ಲ. ಅಟ್ಟದ ಮೇಲೆ ನಿಂತವರ ಗಂಟಲೇ ಎಲ್ಲ. ಅವರಿಗೆ ಪಾಠ ಹೇಳಿ ಹಾಡಿಸುತ್ತಿದ್ದವನು ಇವನೇ. ನನಗೋ ಶ್ರುತಿಯ ಗಂಧವೇ ಇಲ್ಲ, ಕೆಳಗೆ ಹೆಂಗಸರ ಸಾಲಿನಲ್ಲಿ ಕೂರುತ್ತಿದ್ದೆ.

ಆ ಚಳಿಗಾಲ ಕಡಲಾಚೆಯಿಂದ ನಮ್ಮನ್ನಾಳುವ ರಾಜನ ಕೆಂಪು ಕೋಟಿನ ಸಿಪಾಯಿಗಳು ಊರಲ್ಲಿ ಬೀಡುಬಿಟ್ಟರು. ಜೇಬೆಜ್ ಆಗಲೇ ಹೊಸ ಹಾಡು ಕಟ್ಟಿದ್ದ: ಈ ನೆಲ ಉತ್ತವರದು, ದೊರೆಯದಲ್ಲ ಅಂತ. ಊರೆಲ್ಲ ಮಂದಿರದಲ್ಲಿ ಸೇರಿ ಪ್ರಾರ್ಥಿಸುವ ಉಪವಾಸದ ದಿನ ಇದನ್ನು ಹಾಡೇ ಹಾಡ್ತೀವಿ ಅಂತ ಎಲ್ಲರೂ ಎದೆ ತಟ್ಟಿಕೊಂಡರು. ಸುದ್ದಿ ಸಿಪಾಯಿಗಳ ಕ್ಯಾಪ್ಟನ್ ಕಿವಿಗೆ ಬಿತ್ತು. "ಬಾಯಿಬಿಟ್ಟವರು ಹಡಗಿನ ಸೆರೆಗೆ. ಹೆಂಗಸಾದರೂ ಸರಿ," ಅಂದ. ಆ ಹಡಗಿನಲ್ಲಿ ಸಿಡುಬು ಎದ್ದಿರೋದು ಊರಿಗೆಲ್ಲ ಗೊತ್ತಿತ್ತು.

ಉಪವಾಸದ ಹಿಂದಿನ ರಾತ್ರಿ ಊಟಕ್ಕೆ ಕೂತಾಗ, ಅಟ್ಟದ ಮೇಲೆ ಹುಡುಗಿಯರ ಜೊತೆ ಹಾಡುವ ತನ್ನ ಮಗಳು ತಿರ್ಜಾಳಿಗೆ ಜೇಬೆಜ್ ಹೇಳಿದ, "ನಾಳೆ ನೀನು ಮನೇಲಿರು, ಪುಟ್ಟಿ."

"ನಂಗೆ ಹೆದರಿಕೆ ಅಂತ ಆಡ್ಕೋತಾರಪ್ಪ. ಬರ್ತೀನಿ, ಬಾಯಿ ಬಿಡಲ್ಲ."

"ಮಾತು ಕೊಡು."

"ಕೊಟ್ಟೆ. ತಿನ್ನು, ಬೀನ್ಸ್ ಆರ್ತಿದೆ."

"ನೀನೂ ಸುಮ್ನಿರಬಾರದಾ, ಭಾವ?" ಅಂದೆ ನಾನು.

"ಮೊದಲು ಎತ್ತೋನು ನಾನು, ಡಾರ್ಕಸ್. ನಾನೇ ಸುಮ್ನಾದ್ರೆ ಹಾಡೆಲ್ಲಿಂದ ಬರುತ್ತೆ?"

ಮರುದಿನ ಕ್ಯಾಪ್ಟನ್ ಮಂದಿರದ ಬಾಗಿಲಲ್ಲೇ ನಿಂತಿದ್ದ. ಜೇಬೆಜ್ ಹಾಡು ಎತ್ತಿದ. ಆ ಹಾಡಿನ ಕ್ರಮವೇ ಹಾಗೆ: ತಗ್ಗಿನ ದನಿಯವರು ಹೊರಟ ಮೇಲೆ ಒಂದೊಂದೇ ಗುಂಪು ಬೆನ್ನಟ್ಟಿಕೊಂಡು ಬರಬೇಕು, ಕೊನೆಗೆ ಹುಡುಗಿಯರು. ಅವನ ಪಕ್ಕದ ತಗ್ಗಿನ ದನಿಯವರು ಬಾಯಿ ಹೊಲಿದುಕೊಂಡು ನಿಂತರು. ಎರಡನೆಯ ಗುಂಪೂ ಗಪ್‌ಚಿಪ್. ಮೂರನೆಯದೂ. ಥೂ, ನಾಚಿಕೆಗೆಟ್ಟವರು! ಜೇಬೆಜ್ ಕಣ್ಣು ಮುಚ್ಚಿ ಒಬ್ಬನೇ ಹಾಡಿದ. ಇವನ ಕತೆ ಮುಗೀತು, ಹುಡುಗಿಯಾದರೂ ಉಳಿದಳಲ್ಲ ಅಂದುಕೊಂಡೆ.

ಹುಡುಗಿಯರ ಸರದಿ ಬಂತು. ಎಷ್ಟೋ ವರ್ಷದ ರೂಢಿ. ಅವನ ಬಲಗೈ ತಾನಾಗಿಯೇ ಮೇಲೆದ್ದು ಅವರತ್ತ ಇಳಿಯಿತು. ಚಿಕ್ಕಂದಿನಿಂದ ಆ ಕೈ ನೋಡಿಯೇ ಉಸಿರೆಳೆದು ಹಾಡಿದವಳು ತಿರ್ಜಾ. ಹಾಡಿಬಿಟ್ಟಳು.

ಜೇಬೆಜ್ ಕಣ್ಣು ಬಿಟ್ಟ. ಹಾಡು ಅಲ್ಲೇ ನಿಂತಿತು.

"ಇವಳನ್ನೂ," ಅಂದ ಕ್ಯಾಪ್ಟನ್.

"ಅವಳದ್ದೇನೂ ತಪ್ಪಿಲ್ಲ ಸ್ವಾಮಿ, ನಾನೇ ಕರೆದದ್ದು! ನನ್ನ ಕೈ ಕರೀತು!" ಜೇಬೆಜ್ ಕೂಗಿಕೊಂಡ. ಸಿಪಾಯಿಗಳು ನಕ್ಕರು.

ಹಿಮ ಕರಗುವ ಹೊತ್ತಿಗೆ ಅವನೊಬ್ಬನೇ ದೋಣಿಯಿಂದಿಳಿದ, ಮುಖದ ತುಂಬ ಸಿಡುಬಿನ ಕುಳಿ. ಹುಡುಗಿ ಎಲ್ಲಿ ಅಂತ ನಾನು ಕೇಳಲಿಲ್ಲ. ಕೇಳೋದೇನಿತ್ತು?

"ಅತ್ತುಬಿಡು ಭಾವ," ಅಂದೆ.

ಬಾಯಿ ತೆರೆದ. ದನಿಯೇ ಹೊರಡಲಿಲ್ಲ.