ಗೋಡೆಗೆ ನೇತುಹಾಕಿದ ತುಂಡು ಹಗ್ಗ

ಆ ಹಗ್ಗ ತುಂಡಾದದ್ದು ನನ್ನಿಂದ, ಸೆಲ್ವಂನಿಂದಲ್ಲ. ಹನ್ನೊಂದು ವರ್ಷ ಈ ಮಾತನ್ನು ನುಂಗಿಕೊಂಡೇ ಅವನ ಮನೆಯಲ್ಲಿ ಉಂಡಿದ್ದೇನೆ, ಅವನ ಮಗಳ ನಾಮಕರಣದಲ್ಲಿ ಹಿರಿಯನಾಗಿ ನಿಂತಿದ್ದೇನೆ. ಹೇಳಬೇಕು ಅಂದುಕೊಂಡಾಗಲೆಲ್ಲ...

ಸೆಲ್ವಂ ಶ್ರೀಲಂಕಾದವನು. ಕುಣಿಗಲ್ಲಿನ ಹುಡುಗಿಯನ್ನು ಮದುವೆಯಾಗಿ ಇಲ್ಲಿಗೆ ಬಂದ. ಗುಬ್ಬಿ ರಸ್ತೆಯಲ್ಲಿ ಶೆಡ್ ಹಿಡಿದು, ತೆಂಗಿನ ನಾರಿನ ಹಗ್ಗ ಮಾಡುತ್ತೇನೆ ಅಂದ. ನಮ್ಮೂರು ಕಡಬದಲ್ಲಿ ನಾವೆಲ್ಲ ನಕ್ಕೆವು. ನಮಗೆ ಕಾಯಿಸಿಪ್ಪೆ ಎಂದರೆ ಸ್ನಾನಕ್ಕೆ ನೀರು ಕಾಯಿಸುವ ಸೌದೆ, ಅಷ್ಟೆ. ಅವನೋ ಪರವಾನಗಿಗೆ ಕಚೇರಿಯಿಂದ ಕಚೇರಿಗೆ ಅಲೆದ, ಆರು ತಿಂಗಳಲ್ಲಿ ಕನ್ನಡ ಕಲಿತ, ಮೆಷಿನ್ ಕೆಟ್ಟರೆ ತಾನೇ ಅದರಡಿ ಮಲಗಿ ರಿಪೇರಿ ಮಾಡಿದ. ಅಂಥ ಹಟವನ್ನು ನಮ್ಮ ಕಡೆ ಯಾರಲ್ಲೂ ಕಂಡಿಲ್ಲ. ನನ್ನಲ್ಲಂತೂ ಇಲ್ಲವೇ ಇಲ್ಲ.

ಮೊದಲ ದೊಡ್ಡ ಆರ್ಡರು ಬಂದದ್ದು ಹಿರೇಹಳ್ಳಿಯ ಒಂದು ಕಾರ್ಖಾನೆಯಿಂದ, ಲಾರಿಯ ಲೋಡು ಬಿಗಿಯುವ ಹಗ್ಗಕ್ಕೆ. ಅವನು ನಮ್ಮ ತೋಟಕ್ಕೆ ಬಂದ.

"ಶಿವಣ್ಣ, ಹೊಸ ಸಿಪ್ಪೆ ಬೇಕು. ಕಾಯಿ ಕಿತ್ತ ವಾರದಲ್ಲೇ ಸುಲಿದದ್ದು. ಹಳೇದಾದ್ರೆ ಹಗ್ಗ ನಿಲ್ಲಲ್ಲ."

"ಆಯ್ತು ಬುಡಪ್ಪ, ಹೊಸದೇ ಕೊಡ್ತೀನಿ" ಅಂದೆ.

ಆದರೆ ನಾವು ಹೊಸ ಕಾಯಿ ಸುಲಿಯುವವರೇ ಅಲ್ಲವಲ್ಲ! ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ, ವರ್ಷ ಕಳೆದು ಒಳಗಿನ ಕೊಬ್ಬರಿ ಗಡಗಡ ಅಂದ ಮೇಲೆ ಸುಲಿಯುವುದು. ಇದನ್ನು ಅವನಿಗೆ ಹೇಳಿಬಿಡಬಹುದಿತ್ತು — ಬರುವ ದುಡ್ಡು ಬಿಡಲಾಗದೆ ಹೇಳಲಿಲ್ಲ. ಅಟ್ಟದ ಒಣಸಿಪ್ಪೆಯನ್ನೇ ಹೊಸದರಂತೆ ಕಾಣಲೆಂದು ಕೆರೆಯಲ್ಲಿ ಎರಡು ದಿನ ನೆನೆಹಾಕಿ ಟ್ರ್ಯಾಕ್ಟರಿಗೆ ತುಂಬಿದೆ. "ನಂಬ್ಕೊಂಡು ಬಂದವ್ನೆ ಕಣ್ರೀ" ಅಂದಳು ನನ್ನ ಹೆಂಡತಿ. ಅವಳ ಮೇಲೇ ರೇಗಿದೆ.

ಸೆಲ್ವಂ ಒಂದು ಸಿಪ್ಪೆ ಎತ್ತಿಕೊಂಡು ತಿರುಗಿಸಿ ನೋಡಿದ, ಮೂಸಿದ. "ಬಣ್ಣ ಬೇರೆ ಇದೆಯಲ್ಲ ಅಣ್ಣ?"

"ನಮ್ಮ ಮಣ್ಣಿನ ಗುಣ ಕಣಪ್ಪ ಅದು. ನಿನಗೆ ಗೊತ್ತಾಗಲ್ಲ."

ಈ ಒಂದು ಮಾತು... ಅವನು ತಲೆಯಾಡಿಸಿದ. ಹೊಸ ದೇಶ, ಹೊಸ ಮಣ್ಣು, ಇಲ್ಲೇ ಹುಟ್ಟಿ ಬೆಳೆದವನು ಹೇಳುತ್ತಿದ್ದಾನೆ — ನಂಬದೆ ಏನು ಮಾಡಿಯಾನು?

ಕಾರ್ಖಾನೆಯಲ್ಲಿ ಪರೀಕ್ಷೆಗೆಂದು ಇಬ್ಬರು ಎಳೆದರು. ಹಗ್ಗ ಪಟ್ಟನೆ ಹರಿದು ಇಬ್ಬರೂ ಹಿಂದಕ್ಕೆ ಬಿದ್ದರು, ಸುತ್ತ ನಿಂತವರು ಘೊಳ್ಳೆಂದು ನಕ್ಕರು. ಸೆಲ್ವಂ ಮುಂದೆ ಬಂದು, "ತಪ್ಪು ನನ್ನದು ಸಾರ್. ಈ ಊರಿನ ನಾರು ನನಗಿನ್ನೂ ತಿಳಿದಿಲ್ಲ" ಅಂದ. ಹಗ್ಗ ಇಳಿಸಲು ಅವನ ಜೊತೆ ಹೋಗಿದ್ದ ನಾನು ಗೇಟಿನ ಹತ್ತಿರವೇ ಇದ್ದೆ. ಅದನ್ನು ಕೇಳಿಸಿಕೊಂಡೇ ಹೊರಗೆ ನಡೆದೆ. ಆರ್ಡರು ಹೋಯಿತು, ಶೆಡ್ಡಿಗೆ ಬೀಗ ಬಿತ್ತು. ವರ್ಷವಿಡೀ ಅವನು ಬೇರೆಯವರ ವರ್ಕ್‌ಶಾಪಿನಲ್ಲಿ ಕೂಲಿ ಮಾಡಿದ. ಆಮೇಲೆ ಅದೇ ಬೀಗ ತೆಗೆದು ಮತ್ತೆ ಶುರು ಮಾಡಿದ!

ಇವತ್ತು ಅವನ ಹಗ್ಗ ತುಮಕೂರಿನ ಅಂಗಡಿ ಅಂಗಡಿಯಲ್ಲಿದೆ. ನೋಡಿದರೆ ಹೆಮ್ಮೆಯಾಗುತ್ತದೆ, ಆ ಹೆಮ್ಮೆಗೆ ನನಗೆ ಹಕ್ಕಿಲ್ಲ ಎಂಬುದೂ ಗೊತ್ತಿದೆ.

ಶೆಡ್ಡಿನ ಬಾಗಿಲ ಪಕ್ಕದ ಗೋಡೆಗೇ ಆ ಹರಿದ ಹಗ್ಗವನ್ನು ನೇತುಹಾಕಿದ್ದಾನೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೊದಲು ಅದನ್ನೇ ತೋರಿಸುತ್ತಾನೆ. "ಇದು ನನ್ನ ತಪ್ಪು. ಮಣ್ಣಿನ ಗುಣ ತಿಳ್ಕೊಳ್ಳದೆ ಕೆಲಸ ಮಾಡ್ದೆ." ಇಂದಿಗೂ ಯಾವ ಲೋಡು ಬಂದರೂ "ಯಾವ ಊರಿನ ಮಣ್ಣು?" ಎಂದು ಕೇಳಿಯೇ ಇಳಿಸಿಕೊಳ್ಳುತ್ತಾನೆ. ನನ್ನ ಸುಳ್ಳನ್ನು ಅವನು ಪಾಠ ಮಾಡಿಕೊಂಡಿದ್ದಾನೆ, ಇತರರಿಗೂ ಕಲಿಸುತ್ತಿದ್ದಾನೆ.

ಸೋಮವಾರ ಊರ್ಡಿಗೆರೆಯಿಂದ ಹೊಸ ಹೆಂಗಸರು ಕೆಲಸಕ್ಕೆ ಬರುತ್ತಾರಂತೆ. ಅವನು ಆ ಹಗ್ಗದ ಕೆಳಗೆ ನಿಂತು ಮಾತು ಶುರು ಮಾಡುವ ಮೊದಲೇ ನಾನು ಅಲ್ಲಿರುತ್ತೇನೆ. ಬೈಯಲಿ, ಆಚೆ ಕಳಿಸಲಿ. ಅಷ್ಟು ಜನರ ಎದುರಿಗೇ ಹೇಳುತ್ತೇನೆ — ಮಣ್ಣಿನದೇನೂ ತಪ್ಪಿಲ್ಲ ಸೆಲ್ವಂ, ನಿನ್ನದೂ ಇಲ್ಲ.