ಬದಲಾದ ಇನ್ಸ್‌ಪೆಕ್ಟರ್

ಮೂಡುಬಿದಿರೆ ಕಡೆಯ ಅಂಗಡಿಗಳಿಂದ ಬಿಸ್ಕತ್ತಿನ ಆರ್ಡರ್ ಹಿಡಿಯುವ ಲೈನ್ ನನಗೆ ಸಿಕ್ಕಿದ ಮೊದಲ ವಾರ. ತೋಡಾರಿನ ಅಂಗಡಿಯಲ್ಲಿ ಮಾಲೀಕ ಹಮೀದಾಕ ಗೋಡೆಯ ಟಿವಿಗೆ ಬೈಯುತ್ತಿದ್ದರು. ವರ್ಷಗಟ್ಟಲೆ ನಡೆದುಬಂದ ಪೊಲೀಸ್ ಧಾರಾವಾಹಿಯ ಇನ್ಸ್‌ಪೆಕ್ಟರ್ ಪಾತ್ರಕ್ಕೆ ಅಂದಿನಿಂದ ಬೇರೆ ನಟ.

“ಹೆಂಡತಿ ಇವನಿಗೂ ಅದೇ ಚಾ ಕೊಡ್ತಾಳೆ! ನಿನ್ನೆ ಇದ್ದವ ಎಲ್ಲಿ ಅಂತ ಆ ಠಾಣೆಯಲ್ಲಿ ಒಬ್ಬನೂ ಕೇಳುವುದಿಲ್ಲ. ಇವರು ಕಳ್ಳರನ್ನು ಹಿಡಿಯುವವರಂತೆ!”

“ಕತೆ ಮುಂದೆ ಹೋಗಬೇಕಲ್ಲ” ಎಂದೆ.

ಅವರು ನನ್ನ ಕಡೆ ತಿರುಗಿದರು. “ನಮ್ಮ ಜಿನರಾಜಣ್ಣ ಎಲ್ಲಿ? ಇಷ್ಟು ವರ್ಷ ಈ ಲೈನಿಗೆ ಬಂದವರು. ತೆಗೆದುಹಾಕಿದ್ದನ್ನು ನಿಮ್ಮ ಕಂಪೆನಿ ಒಂದು ಮಾತು ಹೇಳಿತಾ ಮಾರಾಯ್ರೆ? ನೀವು ಅವರದೇ ಬ್ಯಾಗು ಹಿಡಿದು ನಗ್ತಾ ನಿಂತಿದ್ದೀರಿ!”

ನನಗೂ ಸಿಟ್ಟು ಬಂತು, ಅವರ ಮೇಲಲ್ಲ. ಆ ಹೆಸರನ್ನು ನನ್ನನ್ನು ಕಳಿಸಿದವರು ಹೇಳಿಯೇ ಇರಲಿಲ್ಲ.

ಆ ದಿನ ಹಮೀದಾಕ ಒಂದು ಪ್ಯಾಕೆಟನ್ನೂ ತೆಗೆದುಕೊಳ್ಳಲಿಲ್ಲ. ಧಾರಾವಾಹಿಯನ್ನು ಮಾತ್ರ ಕೊನೆಯವರೆಗೆ ನೋಡಿದರು.