ಹಾಡಿನ ಕೆಳಗಿನ ಮಾತು

ಕಪ್ಪು ಪರದೆ ಬಟ್ಟೆ ತರಲು ಮೊನ್ನೆ ರಾಯಚೂರಿನ ಬಟ್ಟೆ ಬಜಾರಿಗೆ ಹೋಗಿದ್ದೆ. ನಾನು ಪಾಠ ಮಾಡುವ ಕೋಣೆಯಲ್ಲಿ ಬಿಸಿಲು ಎಷ್ಟು ಧಾರಾಳವೆಂದರೆ, ಗೋಡೆಯ ಮೇಲೆ ಸಿನಿಮಾ ಬಿಟ್ಟರೆ ನಾಯಕ ಯಾರು, ಗೋಡೆ ಯಾವುದು ಎಂದೇ ತಿಳಿಯುವುದಿಲ್ಲ. ಅಂಗಡಿಯವನು ಥಾನು ಬಿಚ್ಚಿ ಹರವಿದಾಗ ಹೊಸ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ನಮ್ಮ ಸರ್ ನೆನಪಾದರು...

ವಿಶ್ವವಿದ್ಯಾಲಯದಲ್ಲಿ ನಮಗೆ ಸಿನಿಮಾ ವಿಶ್ಲೇಷಣೆ ಕಲಿಸಿದವರು ಅವರು. ಊರು ಮಾನ್ವಿ. ಮನೆಯಲ್ಲಿ ದಖನಿ ಉರ್ದು, ತರಗತಿಯಲ್ಲಿ ನಮ್ಮೆಲ್ಲರಿಗಿಂತ ಹಸನಾದ ಕನ್ನಡ. ಅತಿಥಿ ಉಪನ್ಯಾಸಕರಾದ್ದರಿಂದ ಬೇಸಿಗೆಯಲ್ಲಿ ಹೋದ ಕೆಲಸ ಮಳೆಗಾಲಕ್ಕೆ ಮತ್ತೆ ಬರುತ್ತಿತ್ತು. ಮೊದಲು ಒಂದು ದೃಶ್ಯವನ್ನು ದನಿಯಿಲ್ಲದೆ ತೋರಿಸುತ್ತಿದ್ದರು. ಆಮೇಲೆ ಪರದೆಯ ಮೇಲೆ ಕಪ್ಪು ಬಟ್ಟೆ ಇಳಿಬಿಟ್ಟು ಅದೇ ದೃಶ್ಯದ ದನಿಯನ್ನಷ್ಟೇ ಕೇಳಿಸುತ್ತಿದ್ದರು. ಕೊನೆಗೆ ಎರಡನ್ನೂ ಕೂಡಿಸುವುದು. ಯಾರಾದರೂ "ಆಕಿಗೆ ದುಃಖ ಆಗೇದ್ರಿ" ಎಂದರೆ ಸಿಡುಕುತ್ತಿದ್ದರು.

"ದುಃಖ ನಿನಗೆಲ್ಲಿ ಕಾಣ್ತು? ಕ್ಯಾಮೆರಾ ಎಲ್ಲಿ ಅದ, ಬೆಳಕು ಎಲ್ಲಿಂದ ಬರಾಕತ್ತದ, ಆಕಿ ಕೈ ಎಲ್ಲಿ ಅವ, ಅಷ್ಟ ಹೇಳು. ಕಥಿ ಆಮ್ಯಾಲೆ."

ಸಿನಿಮಾ ನೋಡುವ ಸುಖವನ್ನೇ ಈ ಮನುಷ್ಯ ಹಾಳು ಮಾಡಿದರು ಎಂದು ನಾವು ಬೈದುಕೊಂಡದ್ದಕ್ಕೆ ಲೆಕ್ಕವಿಲ್ಲ.

ಒಮ್ಮೆ ಅವರು, ಮನೆಯಲ್ಲಿರುವ ಯಾವುದಾದರೂ ವಿಡಿಯೊ ತಂದು ಶಾಟ್ ಶಾಟ್ ಬಿಡಿಸಿ ಹೇಳಿರಿ ಎಂದರು. ನಾನು ಚಿಕ್ಕವ್ವನ ಮದುವೆಯ ಸಿ.ಡಿ. ಒಯ್ದೆ. ನನಗೆ ಬೇಕಾದದ್ದು ಮದುವೆಯಲ್ಲ, ಅದರಲ್ಲಿದ್ದ ನಮ್ಮಪ್ಪ. ನಾನು ತೊಟ್ಟಿಲಲ್ಲಿದ್ದಾಗಲೇ ತೀರಿಹೋದವನು. ಅವನ ಫೋಟೊಗಳೇನೋ ಇದ್ದವು. ಆದರೆ ಅಪ್ಪ ನಡೆದಾಡುವುದು, ನಗುವುದು ಇದೊಂದರಲ್ಲೇ. ಅವನ ದನಿ ಹೇಗಿತ್ತೆಂದು ನನಗೆ ಗೊತ್ತೇ ಇಲ್ಲ. ಇಷ್ಟೆಲ್ಲ ಬಲ್ಲ ಸರ್ ಏನಾದರೂ ದಾರಿ ಹುಡುಕಿಯಾರು ಎಂಬ ಆಸೆಯಿತ್ತು.

ಆಗಿನ ಮದುವೆ ವಿಡಿಯೊ ಅಂದರೆ ಗೊತ್ತಲ್ಲ. ವಧು ಗುಲಾಬಿಯೊಳಗಿಂದ ಇಣುಕುತ್ತಾಳೆ, ವರ ಗಿರಗಿರ ತಿರುಗುತ್ತಾನೆ, ಬೀಗರು ತುಂಡುತುಂಡಾಗಿ ಉದುರುತ್ತಾರೆ. ಮಾತು, ನಗು, ಬಾಜಾ ಎಲ್ಲ ಅಳಿಸಿ ಮೊದಲಿಂದ ಕೊನೆತನಕ ಸಿನಿಮಾ ಹಾಡು. ತರಗತಿ ಬಿದ್ದು ಬಿದ್ದು ನಕ್ಕಿತು, ನಾನೂ ನಕ್ಕೆ. ಆಗ ಊಟದ ಪಂಕ್ತಿಯಲ್ಲಿ ಹುಗ್ಗಿ ಬಕೀಟು ಹಿಡಿದ ಒಬ್ಬ ಕ್ಯಾಮೆರಾದ ಎದುರು ನಿಂತು, ನಗುತ್ತ ಏನೋ ಹೇಳಿದ. ಹೇಳುತ್ತಲೇ ಇದ್ದ...

"ಇವ್ರ್ಯಾರು?" ಎಂದರು ಸರ್.

"ನಮ್ಮಪ್ಪ ರೀ ಸರ್. ತೀರಿಕೊಂಡಾನ್ರಿ. ಏನಂದಾನ ಅಂತ ತಿಳೀಬಹುದೇನ್ರಿ?"

ನಗು ನಿಂತಿತು. ಸರ್ ಹಾಡಿನ ದನಿ ಪೂರ್ತಿ ಇಳಿಸಿ, ಅಪ್ಪನ ಮುಖವನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿ ತುಟಿಗಳನ್ನೇ ನೋಡಿದರು. ತುಟಿ ಕೂಡಿದರೆ ಪ ಇರಬಹುದು, ಬ ಇರಬಹುದು, ಮ ಇರಬಹುದು. ಬಾಯೊಳಗೆ ನಾಲಿಗೆ ಹೇಗೆ ತಿರುಗಿತೆಂದು ಕ್ಯಾಮೆರಾಕ್ಕೆ ಕಾಣದು. ಬೆಳಕು ಎಡದಿಂದ ಬರುತ್ತಿತ್ತು, ಬಕೀಟು ಬಲಗೈಯಲ್ಲಿತ್ತು. ಅದನ್ನೆಲ್ಲ ಹೇಳಲು ನಮಗೆ ಬರುತ್ತಿತ್ತು.

ಅಷ್ಟಕ್ಕೆ ಬಿಡುವ ಪೈಕಿ ಅಲ್ಲ ಅವರು. ಆ ಭಾನುವಾರ ನನ್ನನ್ನು ಕರೆದುಕೊಂಡು ದೇವದುರ್ಗದ ಬಸ್ಸು ಹತ್ತಿದರು. ವಿಡಿಯೊ ತೆಗೆದ ಸ್ಟುಡಿಯೊ ಅಲ್ಲಿ ಇನ್ನೂ ಇತ್ತು. ಹಾಡು ಸೇರಿಸುವ ಮೊದಲಿನ ಕ್ಯಾಸೆಟ್ ಸಿಕ್ಕರೆ ದನಿಯೂ ಸಿಕ್ಕೀತು ಎಂಬುದು ಅವರ ಎಣಿಕೆ. ಸ್ಟುಡಿಯೊದ ಮುದುಕ ಕುರ್ಚಿ ಒರೆಸಿ ಕೊಟ್ಟ, ಚಹಾ ತರಿಸಿದ.

"ಆ ಕ್ಯಾಸೆಟ್ ಎಲ್ಲಿಂದ ತರಲ್ರಿ ಸರ? ಅದ ಕ್ಯಾಸೆಟ್ಟಿನ್ಯಾಗ ಒಂದರ ಮ್ಯಾಲೆ ಒಂದು ಮದಿವಿ ತಗೀತಿದ್ವಿ. ಈಕಿ ಅಪ್ಪನ ಮ್ಯಾಲೆ ಕವಿತಾಳದ ಯಾರದೋ ಮದಿವಿ ಕುಂತಿರ್ತದ," ಎಂದ. ಆಮೇಲೆ ನನ್ನ ಮುಖ ನೋಡಿದ. "ಹಾಡು ಹಾಕಲಿಲ್ಲಂದ್ರ ಮಂದಿ ಬೈತಿದ್ರು ಯವ್ವಾ. ಬರೇ ಗದ್ಲ ಅದ, ಇದೇನು ವಿಡಿಯೊ ಅಂತಿದ್ರು."

ಯಾರ ಮೇಲೆ ಸಿಟ್ಟು ಮಾಡುವುದು? ಆ ಗದ್ದಲದಲ್ಲೇ ನಮ್ಮಪ್ಪ ಇದ್ದ.

ವಾಪಸ್ ಬರುವಾಗ ಸರ್ ಕಿಟಕಿಯಾಚೆ ನೋಡುತ್ತ ಕುಳಿತಿದ್ದರು. "ನನಗ ಇದು ಬರಂಗಿಲ್ಲ ಯವ್ವಾ" ಎಂದರು. ತರಗತಿಯಲ್ಲಿ ಅಷ್ಟು ಸಿಡುಕುವ ಮನುಷ್ಯ ಹಾಗೆ ಅಂದದ್ದು ಕೇಳಿ ನನಗೆ ಅಪ್ಪನಿಗಿಂತ ಅವರ ಬಗ್ಗೆಯೇ ಸಂಕಟವಾಯಿತು. ಮನೆಗೆ ಹೋದಾಗ ಅವ್ವನನ್ನು ಕೇಳಿದೆ. "ಊಟ ಮಾಡ್ರಿ ಅಂದಿರ್ತಾನ. ಬಡಸಾಕ ನಿಂತಾಂವ ಇನ್ನೇನಂತಾನ?" ಎಂದಳು. ಅದನ್ನೇ ನಂಬಿಕೊಂಡಿದ್ದೇನೆ. ಆದರೆ ಊಟ ಮಾಡಿ ಅನ್ನಲು ಅಷ್ಟು ಹೊತ್ತು ಬೇಕೆ...

ಸರ್ ಈ ವರ್ಷ ತೀರಿಕೊಂಡರು. ಕೊನೆಯವರೆಗೂ ಅತಿಥಿಯಾಗಿಯೇ ಇದ್ದರು. ಮಾನ್ವಿಗೆ ಹೋಗಿ ಮನೆಯವರನ್ನು ಮಾತಾಡಿಸಿ ಬಂದೆ. ಇಂದು ಬೆಳಿಗ್ಗೆ ಅವರ ಕೊನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ನನ್ನ ಫೋನಿಗೆ ಒಂದು ವಿಡಿಯೊ ಕಳಿಸಿದಳು. ತರಗತಿಯಲ್ಲಿ ಸರ್ ಕೈಯೆತ್ತಿ ಯಾರನ್ನೋ ಗದರುತ್ತಿದ್ದಾರೆ, ಅಷ್ಟರಲ್ಲೇ ನಗುತ್ತಾರೆ, ಮತ್ತೆ ಏನೋ ಹೇಳುತ್ತಾರೆ. ಕೇಳಿಸುವುದು ಮಾತ್ರ ಒಂದು ಶೋಕದ ಹಾಡು. ಕೂಡಲೇ ಫೋನ್ ಮಾಡಿ, ಹಾಡಿಲ್ಲದ್ದು ಇದೆಯೇ ಎಂದು ಕೇಳಿದೆ.

"ಇಲ್ರಿ ಮೇಡಂ, ಫೋನ್ ತುಂಬಿತ್ರಿ, ಅಳಿಸಿಬಿಟ್ಟೆ. ಅದರಾಗ ಫ್ಯಾನಿನ ಸಪ್ಪಳ ಭಾಳ ಇತ್ರಿ, ಅದಕ್ಕ ಹಾಡು ಹಾಕೀನಿ," ಎಂದಳು. ಅಳುತ್ತಿದ್ದಳು. "ಚಂದ ಆಗೇದಲ್ರಿ ಮೇಡಂ?"

ಚಂದ ಆಗೇದವ್ವಾ, ಎಂದೆ.